ಲೈನಿನ ಮಾರಿಯಮ್ಮನಿಗೆ ಕುಂಭಾಭಿಷೇಕ

ದೇವಸ್ಥಾನದ ಲೆಕ್ಕ ಬರೆದವನು ನಾನು. ಆದ್ದರಿಂದ ಈ ಬರಹದಲ್ಲಿ ಭಕ್ತಿಗಿಂತ ಲೆಕ್ಕ ಹೆಚ್ಚು ಕಂಡರೆ ಓದುವವರು ಸಹಿಸಿಕೊಳ್ಳಬೇಕು. ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ನಾನು ರೈಟರು. ಹಾಜರಿ, ಬಟವಾಡೆ, ಗೊಬ್ಬರದ ದಾಸ್ತಾನು, ಕೊಯ್ಲಿನ ತೂಕ ಎಲ್ಲವೂ ನನ್ನ ಪುಸ್ತಕ ಹಾದೇ ಹೋಗಬೇಕು. ಲೈನಿನ ತಮಿಳರು ಮಾರಿಯಮ್ಮನಿಗೆ ಹೊಸ ಗುಡಿ ಕಟ್ಟಲು ಹೊರಟಾಗ ಹಣ ಯಾರ ಕೈಯಲ್ಲಿರಬೇಕು ಎಂಬಲ್ಲಿಗೇ ಮಾತು ನಿಂತುಬಿಟ್ಟಿತ್ತು. ಸೇಲಂ ಕಡೆಯವರು ಇಟ್ಟುಕೊಂಡರೆ ಧರ್ಮಪುರಿ ಕಡೆಯವರಿಗೆ ಅನುಮಾನ. ಧರ್ಮಪುರಿಯವರು ಇಟ್ಟುಕೊಂಡರೆ ಸೇಲಂನವರಿಗೆ. ಒಂದು ಬಟವಾಡೆಯ ಸಂಜೆ ಮೇಸ್ತ್ರಿ ನನ್ನ ಮೇಜಿನ ಮುಂದೆ ನಿಂತು, "ರೈಟರೇ, ನೀವು ಎರಡೂ ಕಡೆಯವರಲ್ಲ. ಪುಸ್ತಕ ನಿಮ್ಮಲ್ಲೇ ಇರಲಿ" ಎಂದರು. ಅರಸೀಕೆರೆ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನನಗೆ ಈ ಊರಿನಲ್ಲಿ ಯಾವ ಕಡೆಯೂ ಇಲ್ಲ ಎಂಬುದು ಅವತ್ತು ಉಪಯೋಗಕ್ಕೆ ಬಂತು.

ತೋಟದ ಕೆಲಸಗಾರರ ಮನೆಗಳ ಸಾಲಿಗೆ ಲೈನ್ ಎನ್ನುತ್ತೇವೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮನೆ ಕೊಡುವುದು ಮಾಲೀಕರ ಹೊಣೆ. ಕೊಡುತ್ತಾರೆ. ಆದರೆ ಆ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಇನ್ನೊಬ್ಬರಾದರೂ ಹಾಜರಿಗೆ ಬರುತ್ತಿದ್ದರೆ ಉಳಿಯಬಹುದು, ಇಲ್ಲವಾದರೆ ಬೀಗದ ಕೈ ತಂದೊಪ್ಪಿಸಬೇಕು. ಆ ಬೀಗದ ಕೈ ತೆಗೆದುಕೊಳ್ಳುವ ಕೆಲಸವೂ ರೈಟರದೇ. ಮೂರು ತಲೆಮಾರು ಒಂದೇ ಕೋಣೆಯಲ್ಲಿ ಹುಟ್ಟಿ ಬೆಳೆದ ಕುಟುಂಬಕ್ಕೂ ಗೋಡೆಗೊಂದು ಮೊಳೆ ಹೊಡೆಯುವಾಗ ಅಳುಕು ಇರುವುದನ್ನು ನಾನು ನೋಡಿದ್ದೇನೆ.

ಇವರ ಹಿರಿಯರನ್ನು ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಮೇಸ್ತ್ರಿಗಳು ಮುಂಗಡ ಕೊಟ್ಟು ಗುಂಪುಗುಂಪಾಗಿ ಘಟ್ಟ ಹತ್ತಿಸಿದರು. ತಮಿಳು ಸೀಮೆಯ ಬೇರೆ ಗುಂಪುಗಳು ಸಿಲೋನಿಗೂ ಮಲಯಾಕ್ಕೂ ಹಡಗು ಹತ್ತಿದವು. ಹೋದವರ ಹಿಂದೆಯೇ ಮಾರಿಯಮ್ಮನೂ ಹೋದಳು. ಸಿಂಗಪುರದ ಮಾರಿಯಮ್ಮನ್ ದೇವಸ್ಥಾನ 1827ರದ್ದು, ಕ್ವಾಲಾಲಂಪುರದ್ದು 1873ರದ್ದು. ಅಲ್ಲಿ ಅವಳಿಗೆ ಗೋಪುರ ಎದ್ದಿತು. ನಮ್ಮ ತೋಟದಲ್ಲಿ ಸಿಕ್ಕಿದ್ದು ಬಸರಿ ಮರದ ಬುಡ, ಅರಿಸಿನ ಮೆತ್ತಿದ ಒಂದು ಕಲ್ಲು, ತುಕ್ಕು ಹಿಡಿದ ತ್ರಿಶೂಲ, ಮೇಲೆ ತಗಡು. ಮೊದಲು ಬಂದ ಗುಂಪಿನ ಒಬ್ಬ ಮುದುಕಿ ತನ್ನೂರಿನ ಅಮ್ಮನ ಗುಡಿಯ ಒಂದು ಹಿಡಿ ಮಣ್ಣನ್ನು ಸೆರಗಿನಲ್ಲಿ ಕಟ್ಟಿ ತಂದು ಆ ಕಲ್ಲಿನ ಕೆಳಗೆ ಹಾಕಿದ್ದಳಂತೆ. ಅವಳ ಮರಿಮಗನೇ ಈಗಿನ ಪೂಜಾರಿ ತಾತ. ಕಾಫಿ ಗಿಡಕ್ಕೆ ಚಿಗುರು ತೆಗೆಯುವ ಕೆಲಸದಲ್ಲಿ ಜೀವನ ಕಳೆದವರು, ಮಂಗಳವಾರ ಮತ್ತು ಶುಕ್ರವಾರ ಸಂಜೆ ಕೈಕಾಲು ತೊಳೆದು ಪೂಜಾರಿ.

ಜಾಗದ ವಿಷಯವನ್ನು ಬೇಗ ಮುಗಿಸುತ್ತೇನೆ. ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚು ಏನನ್ನೂ ಅನಧಿಕೃತವಾಗಿ ಕಟ್ಟಲು ಬಿಡಬಾರದೆಂದು ಸುಪ್ರೀಂ ಕೋರ್ಟು 2009ರಲ್ಲೇ ಆದೇಶ ಮಾಡಿದೆ. ಹಾಗಾಗಿ ರಸ್ತೆ ಬದಿಯ ಗೋಮಾಳದ ಆಸೆಯನ್ನು ಮೊದಲ ಸಭೆಯಲ್ಲೇ ಬಿಟ್ಟೆವು. ತೋಟದೊಳಗೆ ಕಟ್ಟಿಕೊಳ್ಳಿ ಎಂದು ಸಾಹುಕಾರರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಜನ ಒಪ್ಪಲಿಲ್ಲ. ತೋಟ ಮಾರಾಟವಾದರೆ ಗುಡಿಯೂ ಮಾರಾಟವಾದಂತೆ ಎಂದು ಒಬ್ಬ ಹೆಂಗಸು ಎದ್ದು ನಿಂತು ಹೇಳಿದ ಮೇಲೆ ಎದುರು ಮಾತಾಡಲು ಯಾರಿಗೂ ಏನೂ ಉಳಿಯಲಿಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ಆಗಿದ್ದ ಒಂದು ನಿವೇಶನ ಸಿಕ್ಕಿತು. ಟ್ರಸ್ಟ್ ನೋಂದಾಯಿಸಿ ಅದರ ಹೆಸರಿಗೆ ಕ್ರಯಪತ್ರ ಮಾಡಿಸಿದೆವು. ಕಚೇರಿಯಲ್ಲಿ ಆದ ಅಲೆದಾಟವನ್ನು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ನೋಂದಣಿಯಾದ ದಿನ ಪತ್ರದ ನಕಲು ಲೈನಿನ ಮನೆಮನೆಗೂ ಹೋಗಿ ಬಂತು. ಓದಲು ಬಾರದವರೂ ಮುದ್ರೆ ಇದ್ದ ಕಡೆ ಬೆರಳಿಟ್ಟು ನೋಡಿದರು. ವಾಪಸು ಬಂದಾಗ ಅದರ ತುಂಬ ಅರಿಸಿನ ಕುಂಕುಮದ ಗುರುತು. ಆ ನಕಲನ್ನೇ ಕಡತಕ್ಕೆ ಹಾಕಿದ್ದೇನೆ.

ಹಣ ಬಂದದ್ದು ಬಟವಾಡೆಯಿಂದ. ವಾರಕ್ಕೆ ಇಷ್ಟು ಎಂದು ಪ್ರತಿ ಮನೆಯವರೂ ಒಪ್ಪಿದರು. ಹಿಡಿದುಕೊಳ್ಳುವುದು ಬೇಡ, ಕೈಗೆ ಕೊಟ್ಟ ಮೇಲೆ ಅವರೇ ತಂದು ಕೊಡಲಿ ಎಂದು ನಾನು ಹಟ ಹಿಡಿದೆ. ಸಂಬಳದಲ್ಲಿ ಕಡಿದ ದುಡ್ಡು ಕಾಣಿಕೆಯಾಗುವುದಿಲ್ಲ. ಬೆಂಗಳೂರು, ತಿರುಪ್ಪೂರುಗಳಲ್ಲಿ ಕೆಲಸಕ್ಕಿರುವ ಹುಡುಗರು ಮೊಬೈಲಿನಲ್ಲೇ ಕಳುಹಿಸಿದರು. ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದು ಹೊಸ ಲೈನಿನಲ್ಲಿರುವವರೂ ತಾವಾಗಿ ಬಂದು ಕೊಟ್ಟರು. "ಅವರದ್ದು ಏಕೆ? ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ" ಎಂದು ಹಳೆಯ ಲೈನಿನ ಹಿರಿಯರೊಬ್ಬರು ಗೊಣಗಿದರು. ಇದೇ ಮಾತನ್ನು ಇದೇ ಧಾಟಿಯಲ್ಲಿ ಈ ಹಿರಿಯರ ಬಗ್ಗೆ ಊರವರು ಆಡುವುದನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ. ಹೇಳಲಿಲ್ಲ. ರಸೀದಿ ಹರಿದು ಕೊಟ್ಟೆ.

ಸ್ಥಪತಿಗಳು ತಮಿಳುನಾಡಿನಿಂದ ಬಂದರು. ಮೂಲ ವಿಗ್ರಹ ಕರಿಕಲ್ಲಿನದು, ಅಲ್ಲೇ ಕಡೆಸಿ ತಂದದ್ದು. ಗರ್ಭಗುಡಿಯ ಮೇಲಿನ ವಿಮಾನದ ಬೊಂಬೆಗಳು ಮಾತ್ರ ಇಲ್ಲೇ ಸಿಮೆಂಟಿನಲ್ಲಿ ಎದ್ದವು. ತಂತಿ ಬಗ್ಗಿಸಿ ಅಸ್ಥಿಪಂಜರ ಮಾಡಿ, ಗಾರೆ ಮೆತ್ತಿ, ಕರಣೆಯ ತುದಿಯಿಂದ ಕಣ್ಣು ಮೂಗು ತೆಗೆಯುವ ಆ ಕೆಲಸಗಾರರಲ್ಲಿ ಇಬ್ಬರು ಸಿಂಗಪುರಕ್ಕೂ ಹೋಗಿ ಗೋಪುರಕ್ಕೆ ಬಣ್ಣ ಹಚ್ಚಿ ಬಂದವರು. ಒಂದು ಭಾನುವಾರ ಅವರನ್ನು ಬೇಲೂರಿಗೆ ಕರೆದುಕೊಂಡು ಹೋದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮದನಿಕೆಯರ ಕೆಳಗೆ ನಿಂತು ಹಿರಿಯ ಕೆಲಸಗಾರ ಬಹಳ ಹೊತ್ತು ಕತ್ತೆತ್ತಿ ನೋಡಿದ. ಏನಾದರೂ ದೊಡ್ಡ ಮಾತು ಬರುತ್ತದೆ ಎಂದುಕೊಂಡೆ. "ಕಲ್ಲು ಬಳಪದ್ದು, ಮೊದಲು ಮೆತ್ತಗಿರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ನಮ್ಮ ಗಾರೆಯೂ ಹಾಗೆಯೇ, ಆದರೆ ನಮಗೆ ಎರಡು ಗಂಟೆ ಸಿಗುತ್ತದೆ, ಅವರಿಗೆ ಎರಡು ವರ್ಷ ಸಿಕ್ಕಿರಬೇಕು" ಎಂದ. ಹೊಟ್ಟೆಕಿಚ್ಚಿನ ಮಾತು, ಆದರೆ ಕಸುಬು ಗೊತ್ತಿದ್ದವನ ಹೊಟ್ಟೆಕಿಚ್ಚು.

ಬಣ್ಣ ಹಚ್ಚಿದ ಮೇಲೆ ಊರಿನ ಓದಿದವರು ಮೂಗು ಮುರಿದರು. ಗಿಳಿಹಸಿರು, ಗುಲಾಬಿ, ನೀಲಿ: ಹೊಯ್ಸಳರ ಸೀಮೆಯಲ್ಲಿ ಇದೇನು ಎಂದು. ಇದೇ ತಾಲ್ಲೂಕಿನ ಅಂಗಡಿ ಎಂಬ ಹಳ್ಳಿಯೇ ಹೊಯ್ಸಳರ ಮೂಲ ಊರಾದ ಸೊಸೆವೂರು, ಆದ್ದರಿಂದ ಇಲ್ಲಿಯ ಕೆಲವರಿಗೆ ಶಿಲ್ಪದ ವಿಷಯದಲ್ಲಿ ಹುಟ್ಟಿನಿಂದಲೇ ಹಕ್ಕು ಬಂದಿದೆ. ನನಗೂ ಮೊದಲು ಆ ಗುಲಾಬಿ ಕಣ್ಣಿಗೆ ಕುಕ್ಕಿತು. ಈಗ ಅಭ್ಯಾಸವಾಗಿದೆ. ಮಳೆಗಾಲದಲ್ಲಿ, ಕಾಫಿ, ಸಿಲ್ವರ್ ಮರ, ಮೋಡ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದಾಗ, ದೂರದ ತಿರುವಿನಿಂದಲೇ ಗುಡಿ ಕಾಣಬೇಕು ಎಂಬುದು ಹಚ್ಚಿಸಿದವರ ಆಸೆ. ಕಾಣುತ್ತದೆ.

ಕುಂಭಾಭಿಷೇಕಕ್ಕೆ ದಿನ ಗೊತ್ತುಮಾಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಪಂಚಾಂಗ ನೋಡುವುದು ಸುಲಭ. ಅಮೆರಿಕದ ಫ್ಲಶಿಂಗಿನಲ್ಲಿ ನೆಲೆಸಿದ ನಮ್ಮವರು ಗಣೇಶನ ಗುಡಿಯ ಕುಂಭಾಭಿಷೇಕವನ್ನು 1977ರ ಜುಲೈ 4ರಂದು ಮಾಡಿದರು. ಅದು ಆ ದೇಶದ ಸ್ವಾತಂತ್ರ್ಯ ದಿನ, ಊರಿಗೆಲ್ಲ ರಜೆ. ದುಡಿಯಲು ಹೋದ ಜನ ದೇವರ ಮುಹೂರ್ತದ ಜೊತೆ ಧಣಿಯ ಮುಹೂರ್ತವನ್ನೂ ನೋಡಬೇಕು. ನಮಗೆ ಕಾಫಿಯೇ ಧಣಿ. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ. ಮಾರ್ಚಿನವರೆಗೆ ಯಾರಿಗೂ ಬಿಡುವಿಲ್ಲ. ನಡುವೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರಬೇಕು. ಜೂನ್ ಬಂದರೆ ಮಳೆ ಹಿಡಿದು ಹೋಮದ ಬೆಂಕಿಯೂ ಹೊತ್ತುವುದಿಲ್ಲ. ಉಳಿದದ್ದು ಏಪ್ರಿಲ್, ಮೇ.

ಏಪ್ರಿಲಿನಲ್ಲಿ ಪಕ್ಕದ ಹಳ್ಳಿಯ ಸುಗ್ಗಿ, ಅಲ್ಲಿಯ ಅಮ್ಮನ ಹಬ್ಬ. ಮಲೆನಾಡಿನ ಸುಗ್ಗಿ ಗೊತ್ತಿದ್ದವರಿಗೆ ಸಾರು ಹಾಕುವುದೆಂದರೇನು ಎಂದು ಹೇಳಬೇಕಿಲ್ಲ. ಹಬ್ಬ ಸಾರಿ ಸಾರು ಹಾಕಿದ ಮೇಲೆ ಊರಿನ ಎಲ್ಲೆಯೊಳಗೆ ಹಸಿ ಮರ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ. ನಮ್ಮ ಯಾಗಶಾಲೆಗೋ ಹಸಿ ಬಿದಿರು ಕಡಿಯಬೇಕು, ಕಂಬಕ್ಕೆ ಗುಂಡಿ ತೋಡಬೇಕು, ಕುಂಡಕ್ಕೆ ನೆಲ ಅಗೆಯಬೇಕು. ತೋಟದ ಹುಡುಗರು, ನಮ್ಮ ಗುಡಿ ನಮ್ಮ ಜಾಗದಲ್ಲಿದೆ, ಅವರ ಕಟ್ಟಳೆ ನಮಗೇಕೆ ಎಂದು ಎಗರಾಡಿದರು. ಪೂಜಾರಿ ತಾತ ಅವರನ್ನು ಗದರಿಸಿ ಕೂರಿಸಿ, ಹಣ್ಣು, ಕಾಯಿ, ವೀಳ್ಯ ಹಿಡಿದು, ನನ್ನನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಹಳ್ಳಿಯ ಪಟೇಲರ ಮನೆಯ ಜಗುಲಿಗೆ ಹೋದರು.

"ಗೌಡರೇ, ನಿಮ್ಮ ಅಮ್ಮ ಮೊದಲು ಕುಣಿಯಲಿ. ನಮ್ಮವಳು ಕಾಯುತ್ತಾಳೆ" ಎಂದರು ತಾತ.

"ಕಾಯುವುದು ಬೇಡ ಅಜ್ಜ. ಸುಗ್ಗಿ ಮುಗಿದು ಸಾರು ಕಳಚಿದ ಮಾರನೆಯ ದಿನವೇ ಗುದ್ದಲಿ ಹಾಕಿ. ಬಿದಿರು ನಮ್ಮ ಮೆಳೆಯದನ್ನೇ ಕಡಿದುಕೊಳ್ಳಿ" ಎಂದರು ಗೌಡರು. ಆಮೇಲೆ ಸ್ವಲ್ಪ ತಡೆದು, "ನಮ್ಮ ದೇವರನ್ನು ಕರೆಯುವುದಿಲ್ಲವೋ?" ಎಂದು ಕೇಳಿದರು.

ಕರೆಯಬೇಕೆಂದು ನಮಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಸುಗ್ಗಿಯ ದಿನ ಲೈನಿನವರು ಗದ್ದೆಯ ಬದುವಿನ ಮೇಲೆ ನಿಂತು ನೋಡುವವರು ಮಾತ್ರ. ವೈಶಾಖ ಶುಕ್ಲದಲ್ಲಿ, ಮಿಥುನ ಲಗ್ನಕ್ಕೆ, ಬೆಳಗ್ಗೆ ಒಂಬತ್ತರ ಸುಮಾರಿಗೆ ಮುಹೂರ್ತ ನಿಂತಿತು. ಆಹ್ವಾನ ಪತ್ರಿಕೆ ಒಂದು ಬದಿ ಕನ್ನಡ, ಒಂದು ಬದಿ ತಮಿಳು. ತಮಿಳಿನ ಕರಡನ್ನು ತಿದ್ದಲು ಲೈನಿನಲ್ಲಿ ಮುದುಕರೇ ಬೇಕಾಯಿತು. ಮಕ್ಕಳೆಲ್ಲ ಓದಿದ್ದು ಕನ್ನಡ ಶಾಲೆಯಲ್ಲಿ.

ನಿಜವಾದ ಜಗಳ ಇನ್ನೂ ಬಾಕಿಯಿತ್ತು. ಕುಂಭಾಭಿಷೇಕ ಆಗಮದ ಪ್ರಕಾರ ಆಗಬೇಕೆಂದರೆ ಗುರುಕ್ಕಳು, ಅಂದರೆ ಆಗಮ ಕಲಿತ ತಮಿಳು ಅರ್ಚಕರು, ಬರಬೇಕು, ಶಿವಾಚಾರ್ಯರ ತಂಡ ಬರಬೇಕು. ಗುರುಕ್ಕಳು ಬಂದರೆ ಪೂಜಾರಿ ತಾತನ ಜಾಗ ಯಾವುದು? ಬೆಂಗಳೂರಿನಿಂದ ಹಣ ಕಳುಹಿಸಿದ ಹುಡುಗರಿಗೆ ಗುಡಿ ಅಚ್ಚುಕಟ್ಟಾಗಿರಬೇಕು, ಮಂತ್ರ ಸಂಸ್ಕೃತದಲ್ಲಿರಬೇಕು, ಕುರಿ ಕೋಳಿಯ ಮಾತೇ ಇರಬಾರದು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಗೆ 1959ರ ಕಾಯ್ದೆಯಲ್ಲೇ ನಿಷೇಧವಿದೆ ಎಂಬುದು ಅವರ ಕೈಗೆ ಸಿಕ್ಕಿದ ದೊಡ್ಡ ಕೋಲು. ಮರದ ಬುಡದ ಕಲ್ಲನ್ನು ಕಿತ್ತು ತಂದು ಹೊಸ ಗುಡಿಯ ಮೂಲೆಯಲ್ಲಿಡೋಣ ಎಂದೂ ಹೇಳಿದರು. ತಾತ ಕೂಗಾಡಲಿಲ್ಲ. "ಅವಳನ್ನೇ ಕೇಳೋಣ" ಎಂದರು. ಕಲ್ಲಿನ ಎರಡು ಭುಜಕ್ಕೂ ಹೂವಿಟ್ಟು ಲೈನಿನವರೆಲ್ಲ ಕೂತರು. ಬಲಗಡೆಯ ಹೂವು ಬಿದ್ದರೆ ಬರುತ್ತಾಳೆ, ಎಡಗಡೆಯದು ಬಿದ್ದರೆ ಇಲ್ಲ. ಕತ್ತಲಾಗುವ ಹೊತ್ತಿಗೆ ಎಡದ ಹೂವು ಬಿತ್ತು.

ಇದಕ್ಕೆ ದಾರಿ ಹುಡುಕಿದವರು ಗುರುಕ್ಕಳೇ. ನಾನು ಅವರನ್ನು ಬಿಗಿ ಮನುಷ್ಯ ಎಂದುಕೊಂಡಿದ್ದೆ. ಅವರು ಮರದ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಕಲ್ಲಿಗೆ ಅಡ್ಡಬಿದ್ದು, ತಾತನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಕಲ್ಲು ಇಲ್ಲೇ ಇರಲಿ, ಕಲಾಕರ್ಷಣೆ ಮಾಡಿ ಶಕ್ತಿಯನ್ನು ಕುಂಭಕ್ಕೆ ತೆಗೆದುಕೊಳ್ಳೋಣ ಎಂದರು. ತೆಗೆದುಕೊಂಡ ಮೇಲೆ ಇಲ್ಲೇನು ಉಳಿಯುತ್ತದೆ ಎಂದು ತಾತ ಕೇಳಿದರು. "ದೀಪದಿಂದ ದೀಪ ಹಚ್ಚಿದರೆ ಮೊದಲನೆಯದು ಆರುತ್ತದೆಯೇ ಅಯ್ಯಾ? ಆ ಕುಂಭವನ್ನು ನೀವೇ ಹೊತ್ತು ತರಬೇಕು" ಎಂದರು. ಹಾಗೆ ಹೊಸ ಗುಡಿಯ ನಿತ್ಯಪೂಜೆ ಒಬ್ಬ ಅರ್ಚಕರಿಗೆ, ಮರದ ಕೆಳಗಿನ ಮಂಗಳವಾರ ಶುಕ್ರವಾರ ತಾತನಿಗೆ ಎಂದು ತೀರ್ಮಾನವಾಯಿತು. ಮರದ ಕೆಳಗೆ ವರ್ಷಕ್ಕೊಮ್ಮೆ ಏನಾಗುತ್ತದೆ ಎಂಬುದು ನನ್ನ ಪುಸ್ತಕದಲ್ಲಿಲ್ಲ.

ಕರ್ಮಗಳು ಶುರುವಾದ ಮೇಲೆ ತೋಟದ ಸಾಮಾನೆಲ್ಲ ದೇವರ ಕೆಲಸಕ್ಕೆ ಹೋಯಿತು. ವಿಗ್ರಹವನ್ನು ಜಲಾಧಿವಾಸಕ್ಕೆ ಮುಳುಗಿಸುವಷ್ಟು ದೊಡ್ಡ ತೊಟ್ಟಿ ಇದ್ದದ್ದು ಪಲ್ಪರ್ ಮನೆಯಲ್ಲಿ ಮಾತ್ರ, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೇಳೆ ತೊಳೆಯುವ ತೊಟ್ಟಿ. ಹುಳಿ ವಾಸನೆ ಹೋಗಲಿ ಎಂದು ಹೆಂಗಸರು ತೆಂಗಿನ ನಾರು, ಬೂದಿ ಹಾಕಿ ತಿಕ್ಕಿದರು, ಸುಣ್ಣದ ನೀರು ಹೊಯ್ದು ತೊಳೆದರು, ಗೋಮೂತ್ರ ಚಿಮುಕಿಸಿದರು. ಗುರುಕ್ಕಳು ಬಗ್ಗಿ ಮೂಸಿ ನೋಡಿ, "ಇನ್ನೂ ಕಾಫಿಯೇ" ಎಂದರು. ಮತ್ತೆ ತಿಕ್ಕಿದರು. ಅಮ್ಮ ಕಾಫಿ ತೋಟದವಳಲ್ಲವೇ, ಸ್ವಲ್ಪ ವಾಸನೆ ಇದ್ದರೇನು ಎಂದು ಒಬ್ಬಾಕೆ ಸೊಂಟ ಹಿಡಿದು ಕೇಳಿದಾಗ ಅವರೂ ನಕ್ಕು ಬಿಟ್ಟುಬಿಟ್ಟರು. ನೀರಿನಿಂದ ಎತ್ತಿದ ಮೇಲೆ ಧಾನ್ಯಾಧಿವಾಸ, ಭತ್ತದ ರಾಶಿಯೊಳಗೆ. ಭತ್ತ ಕೊಟ್ಟವರು ಗೌಡರ ಹಳ್ಳಿಯವರು.

ಅಂಕುರಾರ್ಪಣೆಗೆ ಪಾಲಿಕೆ ಎನ್ನುವ ಕುಡಿಕೆಗಳಲ್ಲಿ ಒಂಬತ್ತು ಬಗೆಯ ಧಾನ್ಯ ಬಿತ್ತಿ ಕತ್ತಲೆ ಕೋಣೆಯಲ್ಲಿಟ್ಟರು. ಲೈನಿನ ಹೆಂಗಸರು ಅದಕ್ಕೂ ಮೊದಲೇ ತಮ್ಮ ತಮ್ಮ ಮನೆಯಲ್ಲಿ ಮುಳೈಪಾರಿ ಹಾಕಿದ್ದರು. ಅದು ಗುರುಕ್ಕಳ ಪಟ್ಟಿಯಲ್ಲಿರಲಿಲ್ಲ. ಮೊಳಕೆಯ ಕುಂಡ ತಲೆಯ ಮೇಲಿಟ್ಟು ಅವರು ಸಾಲಾಗಿ ಬಂದಾಗ ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಬಿಸಿಲು ಕಾಣದ ಆ ಎಳೆ ಹಳದಿ ಮೊಳಕೆ ಒಂದೊಂದೂ ಮೊಣಕೈ ಉದ್ದ. ಯಾವ ಮನೆಯದು ಎತ್ತರ ಬಂದಿದೆ ಎಂದು ಕಣ್ಣಲ್ಲೇ ಅಳೆದುಕೊಳ್ಳುತ್ತಿದ್ದರು.

ಬೇವಿಲ್ಲದೆ ಮಾರಿಯಮ್ಮನಿಲ್ಲ. ಇಲ್ಲಿಯ ಮಳೆಗೆ ಬೇವು ಹತ್ತುವುದಿಲ್ಲ. ಪ್ರತಿ ವರ್ಷವೂ ಯಾರೋ ಒಬ್ಬರು ಕಡೂರಿನ ಕಡೆಯಿಂದ ನಾಲ್ಕು ಕೊಂಬೆ ತಂದರೆ ಅದರಲ್ಲೇ ಸುಧಾರಿಸುತ್ತಿದ್ದರು. ಈ ಸಲ ನಮ್ಮ ಊರಿಗೆ ಹೇಳಿ ಒಂದು ಜೀಪಿನ ತುಂಬ ತರಿಸಿದೆ. ಅರಸೀಕೆರೆಯ ಒಣ ನೆಲದಲ್ಲಿ ಯಾರೂ ತಿರುಗಿ ನೋಡದ ಸೊಪ್ಪು. ಜೀಪು ನಿಂತ ಕೂಡಲೇ ಹೆಂಗಸರು ಮುತ್ತಿಕೊಂಡು ಮುಖಕ್ಕೆ ಒತ್ತಿಕೊಂಡರು. ಸಾಗಾಣಿಕೆಯ ಖರ್ಚು ಮಾತ್ರ ಬರೆದೆ. ಸೊಪ್ಪಿಗೆ ನಮ್ಮಣ್ಣ ಕಾಸು ತೆಗೆದುಕೊಳ್ಳಲಿಲ್ಲ.

ಅಷ್ಟಬಂಧದ ರಾತ್ರಿಯನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಪೀಠಕ್ಕೂ ವಿಗ್ರಹಕ್ಕೂ ನಡುವೆ ಹಾಕುವ ಬೆಸುಗೆ ಅದು. ಎಂಟು ಸಾಮಗ್ರಿ: ಅರಗು, ರಾಳ, ಕಾವಿಕಲ್ಲು, ಜೇನುಮೇಣ, ಹತ್ತಿ ಹೀಗೆ. ಚಿಕ್ಕಮಗಳೂರಿನ ಗ್ರಂಧಿಗೆ ಅಂಗಡಿಯಲ್ಲಿ ಬಹುತೇಕ ಸಿಕ್ಕಿತು. ಸಿಗದೆ ಸತಾಯಿಸಿದ್ದು ಎಮ್ಮೆಯ ಬೆಣ್ಣೆ. ಎಲ್ಲ ಮನೆಯಲ್ಲೂ ಡೈರಿಯ ಪ್ಯಾಕೆಟ್ಟು, ಎಮ್ಮೆ ಯಾರ ಕೊಟ್ಟಿಗೆಯಲ್ಲಿದೆ? ಕೊನೆಗೆ ಅದೂ ಬಯಲುಸೀಮೆಯಿಂದಲೇ ಬಂತು. ಪುಡಿ ಮಾಡಿದ್ದನ್ನೆಲ್ಲ ಕಲ್ಲಿನ ಮೇಲೆ ಸುರಿದು ಕಬ್ಬಿಣದ ಹಾರೆಯಿಂದ ಕುಟ್ಟಬೇಕು. ಕುಟ್ಟಿದವರು ಮರಗಸಿ ಮಾಡುವ ಗ್ಯಾಂಗಿನವರು, ಎತ್ತರದ ಮರ ಹತ್ತಿ ಕೊಂಬೆ ಸವರುವ ತೋಳಿನವರು. ಮೊದಲು ಏಟು ಬಿದ್ದಷ್ಟೂ ಪುಡಿ ಹಾರುತ್ತದೆ, ಮೂಗಿಗೆಲ್ಲ ಅರಗಿನ ಘಾಟು. ಬೆಣ್ಣೆ ಸೇರಿಸುತ್ತ ಹೋದಂತೆ ಹಾರೆಗೆ ಅಂಟುತ್ತದೆ, ಎತ್ತಲು ಬಿಡುವುದಿಲ್ಲ. ತೋಳು ಸೋತವರು ಸರಿಯುತ್ತಾರೆ, ಇನ್ನಿಬ್ಬರು ಬರುತ್ತಾರೆ. ನಡುರಾತ್ರಿಯ ಹೊತ್ತಿಗೆ ಸ್ಥಪತಿ ಒಂದು ಚೂರು ತೆಗೆದು ಬೆರಳ ನಡುವೆ ಎಳೆದರು, ತುಂಡಾಯಿತು. "ಇನ್ನೂ" ಎಂದರು. ಮತ್ತೆ ಎಳೆದಾಗ ದಾರವಾಗಿ ಬಂದು ತುಂಡಾಗದೆ ನಿಂತಿತು. ಕೆಂಪು ಬತ್ತಿಗಳಾಗಿ ಹೊಸೆದು ಪೀಠದ ಸುತ್ತ ತುಂಬುವಾಗ ಇನ್ನೂ ಬಿಸಿಯಿತ್ತು. ಒಂದೆರಡು ದಿನದಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು. ಆಗ ಈ ಗ್ಯಾಂಗಿನಲ್ಲಿ ಯಾರಿರುತ್ತಾರೆ ಎಂದು ಮೇಸ್ತ್ರಿ ಕೇಳಿದರು. ಹಾರೆ ಹಿಡಿದಿದ್ದ ಹುಡುಗರಲ್ಲಿ ಮೂವರು ಅಸ್ಸಾಮಿನವರು.

ವಿಗ್ರಹ ಕೂರಿಸುವ ಮುಂಚೆ ಪೀಠದ ಗುಳಿಯಲ್ಲಿ ಯಂತ್ರ ಇಟ್ಟು ನವರತ್ನ ಹಾಕುತ್ತಾರೆ. ಇಚ್ಛೆಯಿದ್ದವರು ತಾವೂ ಹಾಕಬಹುದು ಎಂದರು. ಹೆಂಗಸರು ಮೂಗುಬೊಟ್ಟು, ತುಂಡಾದ ಓಲೆ, ಬೆಳ್ಳಿಯ ಕಾಲುಂಗುರ ಹಾಕಿದರು. ಒಬ್ಬಾಕೆ ಅಂಗೈ ಬಿಚ್ಚಿದಾಗ ಇದ್ದದ್ದು ಹಿತ್ತಾಳೆಯ ಬಿಲ್ಲೆ, ಅವಳ ಅಜ್ಜನ ಕಾಲದ ಹಾಜರಿ ಬಿಲ್ಲೆ, ಸವೆದು ಸಂಖ್ಯೆ ಮಾತ್ರ ಉಳಿದಿತ್ತು. ಗುರುಕ್ಕಳು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ಚಿನ್ನ ಇಷ್ಟು, ಬೆಳ್ಳಿ ಇಷ್ಟು ಎಂದು ಬರೆದ ಸ್ಥಳದಲ್ಲಿಯೇ "ಹಿತ್ತಾಳೆ ಬಿಲ್ಲೆ, ಒಂದು" ಎಂದು ಬರೆದೆ. ನಯನೋನ್ಮೀಲನದ ಚಿನ್ನದ ಸೂಜಿಯೂ ಅದೇ ಪುಟದಲ್ಲಿದೆ. ಪರದೆಯ ಹಿಂದೆ ಸ್ಥಪತಿ ಅದರಿಂದ ಕಣ್ಣು ಬಿಡಿಸಿದರು. ಪರದೆ ಸರಿದಾಗ ಎದುರಿಗೆ ಕನ್ನಡಿ, ಹಸು ಕರು, ರಾಶಿ ಧಾನ್ಯ, ಹೊಸ ಲಂಗ ತೊಟ್ಟು ತೂಕಡಿಸುತ್ತಿದ್ದ ನಾಲ್ಕು ಮಕ್ಕಳು.

ಯಾಗಶಾಲೆಯ ಹೋಮ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಆರಿಸಿ ಮುಂದುವರಿಯಿತು, ಪೊಲೀಸರ ಅನುಮತಿ ಅಷ್ಟೇ ಹೊತ್ತಿಗೆ. ನಾದಸ್ವರ, ತವಿಲು ಮಾತ್ರ ಕೇಳುತ್ತಿದ್ದ ಆ ಹೊತ್ತೇ ನನಗೆ ಹಿಡಿಸಿತು. ಕುಂಭಾಭಿಷೇಕದ ಹಿಂದಿನ ದಿನದ ಸಂಜೆ ಮೋಡ ಕವಿದು ದೊಡ್ಡ ಹನಿ ಬಿತ್ತು. ಗೌಡರ ಹಳ್ಳಿಯ ಹುಡುಗರು ಟಾರ್ಪಾಲು ತಂದು ಕುಂಡಗಳ ಮೇಲೆ ಹಿಡಿದು ನಿಂತರು.

ಮುಹೂರ್ತದ ಬೆಳಗ್ಗೆ ಗೌಡರ ಹಳ್ಳಿಯ ದೇವರು ಹೆಗಲ ಮೇಲಿನ ಅಡ್ಡೆಯಲ್ಲಿ ಬಂತು. ನಮ್ಮವರು ಹಾಲಿನ ಕೊಡ ಹೊತ್ತು ಎದುರುಗೊಂಡರು. ಮರ್ಯಾದೆಯ ತಲೆವಸ್ತ್ರವಾದ ಪರಿವಟ್ಟ ಯಾರಿಗೆ ಕಟ್ಟುವುದೆಂಬ ಮಾತು ಹಿಂದಿನ ವಾರವೆಲ್ಲ ನಡೆದಿತ್ತು. ಸಾಹುಕಾರರಿಗೇ ಮೊದಲು ಎಂದು ಕೆಲವರು, ಹಣ ಹೆಚ್ಚು ಕೊಟ್ಟವರಿಗೆ ಎಂದು ಕೆಲವರು. ಸಾಹುಕಾರರೇ, ಹಿರಿಯ ಕೆಲಸಗಾರರಿಗೆ ಕಟ್ಟಿ, ನನಗೆ ಪ್ರಸಾದ ಸಾಕು ಎಂದು ಹೇಳಿ ಕಳುಹಿಸಿದರು. ನಿವೃತ್ತ ಮೇಸ್ತ್ರಿಯೊಬ್ಬರ ತಲೆಗೆ ರೇಷ್ಮೆ ಸುತ್ತಿದಾಗ ಅವರು ಅಭ್ಯಾಸಬಲದಿಂದ ಸಾಹುಕಾರರ ಕಡೆ ತಿರುಗಿ ಕೈಮುಗಿದರು. ಅದು ನನಗೆ ಸ್ವಲ್ಪ ಕಸಿವಿಸಿಯಾಯಿತು, ನಿಜ ಹೇಳಬೇಕೆಂದರೆ ಸಾಹುಕಾರರಿಗೂ.

ತಾತ ಕುಂಭ ಹೊತ್ತು ಏಣಿ ಹತ್ತಿದರು. ಮರ ಹತ್ತಿದ ಕಾಲು, ಜಾರಲಿಲ್ಲ. ಶಿಖರದ ತಾಮ್ರದ ಕಲಶದ ಮೇಲೆ ನೀರು ಬಿದ್ದ ಕ್ಷಣ ಕೆಳಗಿದ್ದವರೆಲ್ಲ ಆಕಾಶ ನೋಡಿದರು. ಗರುಡ ಸುತ್ತಬೇಕು. ಮೂರು ಹಕ್ಕಿ ಬಂದವು. ಎರಡರ ಬಾಲ ಕವಲಾಗಿತ್ತು, ಬರಿಯ ಹದ್ದು; ಮೂರನೆಯದರ ತಲೆ ಬಿಳಿ, ಮೈ ಕಾವಿ. ಅದು ಗರುಡವೇ. ಅಷ್ಟು ಹೊತ್ತಿಗೆ ಎಲ್ಲವೂ ಗರುಡಗಳಾಗಿ ಕೂಗು ಎದ್ದಿತ್ತು, ನಾನು ಎಣಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಅಭಿಷೇಕದ ನೀರು ಅಷ್ಟು ಜನಕ್ಕೂ ತಲುಪಬೇಕಲ್ಲ? ಅದಕ್ಕೆ ರಾಕರ್ ಸ್ಪ್ರೇಯರ್. ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುವ ಅದೇ ಯಂತ್ರ, ಆದರೆ ಹೊಸತು. ಹಳೆಯದರಲ್ಲಿ ಮೈಲುತುತ್ತ ಮೆತ್ತಿರುತ್ತದೆ ಎಂದು ನಾನೇ ಹೊಸದಕ್ಕೆ ಮಂಜೂರಾತಿ ಬರೆದಿದ್ದೆ. ಇಬ್ಬರು ಹಿಡಿಯನ್ನು ಹಿಂದೆ ಮುಂದೆ ಆಡಿಸಿದರು, ಒಬ್ಬ ಲ್ಯಾನ್ಸ್ ಎತ್ತಿ ಹಿಡಿದ. ಗೌಡರು, ಲೈನಿನವರು, ಪೊಲೀಸಿನವರು, ನೆಂಟರು, ಎಲ್ಲರ ತಲೆಯ ಮೇಲೂ ಒಂದೇ ಸಮನೆ ಬಿತ್ತು. ನನ್ನ ಪುಸ್ತಕದ ಎರಡು ಪುಟ ಒದ್ದೆಯಾಗಿ ಶಾಯಿ ಹರಡಿದೆ.

ಊಟಕ್ಕೆ ಪೊಂಗಲ್, ಸಾಂಬಾರು, ಪಾಯಸ. ಗೌಡರ ಮನೆಯವರು ತಂದ ಕಡುಬು. ಹಳ್ಳಿಯ ಕೆಲವು ಹಿರಿಯರು ಊಟಕ್ಕೆ ಕೂರದೆ ಪ್ರಸಾದ ಕಟ್ಟಿಸಿಕೊಂಡು ಹೋದರು. ಅವರ ಮಕ್ಕಳು ಕೂತು ಉಂಡರು. ಇದಕ್ಕಿಂತ ಹೆಚ್ಚು ಆಯಿತೆಂದು ಬರೆದರೆ ಸುಳ್ಳಾಗುತ್ತದೆ.

ಆಮೇಲೆ 48 ದಿನಗಳ ಮಂಡಲ ಪೂಜೆ. ಅರ್ಧಕ್ಕೆ ಬರುವ ಹೊತ್ತಿಗೆ ಮಳೆ ಹಿಡಿಯಿತು. ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಹಾಳೆ ಹೊದ್ದ ನಾಲ್ಕಾರು ಹೆಂಗಸರು, ಅರ್ಚಕರು, ಕೆಲವೊಮ್ಮೆ ನಾನು. ಕರೆಂಟು ಇರುತ್ತಿರಲಿಲ್ಲ. ಮಂಡಲ ಮುಗಿದ ಭಾನುವಾರ ಕಣದ ಪಕ್ಕದ ಶೆಡ್ಡಿನಲ್ಲಿ ಲೆಕ್ಕ ಓದಿದೆ, ಬಾಡಿಗೆ ಪಾತ್ರೆಯಲ್ಲಿ ಕಳೆದುಹೋದ ಸೌಟಿನವರೆಗೆ. ಹಣ ಉಳಿದಿತ್ತು. ಅದರಲ್ಲಿ ಒಂದು ಪಾಲು ಹನ್ನೆರಡು ವರ್ಷದ ಮುಂದಿನ ಅಷ್ಟಬಂಧಕ್ಕೆ ಠೇವಣಿ ಎಂಬುದಕ್ಕೆ ಯಾರೂ ತಕರಾರು ಮಾಡಲಿಲ್ಲ. ಉಳಿದದ್ದಕ್ಕೆ ಬೆಂಗಳೂರಿನ ಹುಡುಗರು ಮುಂದೆ ಗೋಪುರ ಬೇಕೆಂದರು, ಸಿಂಗಪುರದ ಫೋಟೊ ತೋರಿಸಿದರು. ಹಾಜರಿ ಬಿಲ್ಲೆ ಹಾಕಿದ್ದ ಆ ಹೆಂಗಸು ಎದ್ದು, ಹಬ್ಬದ ದಿನ ಹೆಂಗಸರು ಎಲ್ಲಿಗೆ ಹೋದರು ಎಂದು ನಿಮ್ಮಲ್ಲಿ ಯಾರಾದರೂ ಕೇಳಿದಿರಾ ಎಂದಳು. ಗೋಪುರದ ಪರ ಕೈ ಎತ್ತಿದ್ದವರು ಒಬ್ಬೊಬ್ಬರಾಗಿ ಇಳಿಸಿದರು. ಶೌಚಾಲಯಕ್ಕೆ ಅಂದಾಜು ಪಟ್ಟಿ ಮಾಡಲು ನನಗೇ ಹೇಳಿದ್ದಾರೆ. ಕಲ್ಲು ಇಟ್ಟಿಗೆ ಈಗಲೇ ಹಾಕಿಸಿದರೆ ಕೊಯ್ಲಿಗೆ ಮುಂಚೆ ಮುಗಿಯುತ್ತದೆ.